ನೀರು ಯಾವ ಕಡೆ ಇರಬೇಕು

ವಾಡಿ ಜಂಕ್ಷನ್ನಿನ ಗೂಡ್ಸ್ ಆಫೀಸಿನ ಗುಮಾಸ್ತರು ನನ್ನ ಅರ್ಜಿಯನ್ನು ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು, ಧೋತರದ ಅಂಚಿನಿಂದ ಒರೆಸಿಕೊಂಡು ಮೂರನೆಯ ಸಲ ಓದಿದರು.

“ಇದರಾಗ ಹಡಗು ಅಂತ ಬರ್ದದಲ್ರಿ?”

“ಹೌದ್ರಿ. ಹಡಗೇ.”

“ವಾಡಿಗಿ ಹಡಗು ಯಾವ ಕಡಿಂದ ಬರ್ತದ?”

“ಬರಂಗಿಲ್ರಿ. ಇಲ್ಲಿಂದ ಹೋಗ್ತದ.”

ಪಕ್ಕದ ಮೇಜಿನವರೂ ಎದ್ದು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರನ್ನು ನಾನು ಬೈಯಲಾರೆ. ಸಮುದ್ರವನ್ನು ನಾನೇ ಅಲ್ಲಿಯವರೆಗೆ ಕಂಡಿರಲಿಲ್ಲ. ನಾನು ಕಂಡಿದ್ದ ದೊಡ್ಡ ನೀರೆಂದರೆ ಸನ್ನತಿಯ ಹತ್ತಿರದ ಭೀಮಾ ನದಿ, ಅದೂ ಮಳೆಗಾಲದಲ್ಲಿ. ಆದರೂ ನನಗೆ ಒಂದು ಲೆಕ್ಕ ಬೇಕೇ ಬೇಕಿತ್ತು. ರೈಲಿನ ಬಯಲು ವ್ಯಾಗನ್ನಿನ ಮೇಲೆ ಇಟ್ಟ ವಸ್ತು ಎಷ್ಟು ಅಗಲ, ಎಷ್ಟು ಎತ್ತರ ಇದ್ದರೆ ದಾರಿಯ ಪ್ಲಾಟ್‌ಫಾರಂಗೂ ಸೇತುವೆಗೂ ತಾಗದೆ ಹೋಗುತ್ತದೆ? ಗುಮಾಸ್ತರು ಕೊನೆಗೆ ಕಪಾಟಿನಿಂದ ಒಂದು ನಕ್ಷೆ ತೆಗೆದು, ಅದರ ಧೂಳು ಕೊಡವಿ, ಬೆರಳಿಟ್ಟು ತೋರಿಸಿದರು. “ಹತ್ತಡಿ ಅಗಲ ಇಟ್ಕೊರಿ. ದಾಟಿದ್ರ ಬ್ಯಾರೆ ಪರವಾನಗಿ ಬೇಕಾಗ್ತದ, ಅದು ನಿಮ್ಮ ಮೊಮ್ಮಕ್ಕಳ ಕಾಲಕ್ಕ ಬರ್ತದ.”

ಹೀಗೆ ನಮ್ಮ ಹಡಗಿನ ಅಗಲ ವಾಡಿಯಲ್ಲಿ ತೀರ್ಮಾನವಾಯಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂದು ನಗುತ್ತಾರಲ್ಲ, ನಾವು ಕುಲಾವಿಯ ಅಳತೆ ಹಿಡಿದೇ ಕೂಸನ್ನು ಮಾಡಲು ಹೊರಟವರು.

ಆಗ ನಮ್ಮದಿನ್ನೂ ಮೈಸೂರು ರಾಜ್ಯ. ಶಹಾಬಾದದಿಂದ ಭಂಕೂರಕ್ಕೆ ಹೋಗುವ ದಾರಿಯಲ್ಲಿ, ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುತ್ತಿದ್ದ ಒಂದು ಹಳೆಯ ತಗಡಿನ ಶೆಡ್ಡೇ ನಮ್ಮ ಹಡಗುಕಟ್ಟೆ. ಅದನ್ನು ಶುರು ಮಾಡಿದ ಮಾಲಕರು ಸೇಡಂ ಕಡೆಯವರು, ಬಾಯ್ಲರ್ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದವರು. ಒಮ್ಮೆ ಬಾಯ್ಲರ್ ಕೂರಿಸಲು ಪೂರ್ವ ಕರಾವಳಿಯ ಒಂದು ಬಂದರಿಗೆ ಹೋಗಿದ್ದರಂತೆ. ಅಲ್ಲಿ ಆಳ ಸಾಲದೆ ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕುತ್ತವೆ. ದಡದಿಂದ ಸರಕು ಹೊತ್ತು ಅವಕ್ಕೆ ಮುಟ್ಟಿಸುವುದು ಚಪ್ಪಟೆ ತಳದ ಕಬ್ಬಿಣದ ಬಾರ್ಜುಗಳು. ಆ ಬಾರ್ಜುಗಳೆಲ್ಲ ಪರದೇಶದ ಹಳೆ ಮಾಲು ಎಂದು ತಿಳಿದಾಗ ಅವರ ತಲೆಗೆ ಹುಳ ಹೊಕ್ಕಿತು.

“ನಮ್ಮ ಮಂದಿ ಹಿಂದಕ ಹಡಗು ಕಟ್ಟಿ ಅರಬಸ್ತಾನ ಮುಟ್ಟಿಸ್ಯಾರ. ಈಗ ಒಂದು ಕಬ್ಬಿಣದ ಡಬ್ಬಿ ಬೇಕಂದ್ರೂ ಪರದೇಶಕ್ಕ ಕಾಗದ ಬರೀತೀವಿ,” ಎಂದು ನಮ್ಮನ್ನು ಕೂರಿಸಿಕೊಂಡು ಹೇಳಿದ್ದರು. “ಕಬ್ಬಿಣ ಬೆಸೆಯೋ ಕೈ ಶಹಾಬಾದದಾಗ ಅವ. ಸಮುದ್ರ ಇಲ್ಲ, ಅಷ್ಟ.”

ಆ ‘ಅಷ್ಟ’ ಎಂಬ ಮಾತಿಗೆ ಮರುಳಾಗಿ ನಾವು ಹನ್ನೊಂದು ಜನ ಖಾಯಂ ನೌಕರಿ ಬಿಟ್ಟು ಬಂದೆವು. ನಾನು ನಕ್ಷೆ ಓದುವವ ಮತ್ತು ಬೆಸುಗೆ ತಪಾಸಣೆ ಮಾಡುವವ. ನಮ್ಮ ಹಿರಿಯ ವೆಲ್ಡರ್ ಒಬ್ಬ ಮಿಸ್ತ್ರಿ. ವಯಸ್ಸಿನಲ್ಲಿ ನನ್ನ ತಂದೆಯಷ್ಟು ಹಿರಿಯರಾದ್ದರಿಂದ ಎಲ್ಲರಿಗೂ ಅವರು ಚಾಚಾ. ಉಳಿದವರೂ ಬಾಯ್ಲರ್ ಕೆಲಸದವರೇ. ಇಷ್ಟು ಜನರಲ್ಲಿ ಒಬ್ಬನೂ ದೋಣಿ ಕಟ್ಟಿದವನಲ್ಲ.

ಬಾರ್ಜನ್ನು ಆರು ಡಬ್ಬಿಗಳಾಗಿ ಒಡೆದೆವು. ಒಂದೊಂದೂ ಇಪ್ಪತ್ತಾರು ಅಡಿ ಉದ್ದ, ಹತ್ತಡಿ ಅಗಲ, ಆರಡಿ ಆಳ, ಮೇಲುಗಡೆ ತೆರೆದದ್ದು. ಇಲ್ಲಿ ಕಟ್ಟಿ, ವಾಡಿಯಿಂದ ಚಿತ್ತಾಪುರ, ಸೇಡಂ ದಾಟಿಸಿ ಬಂದರಿಗೆ ಕಳಿಸುವುದು, ಅಲ್ಲಿ ದಡದ ಮೇಲೆ ಆರನ್ನೂ ಒಂದಕ್ಕೊಂದು ಬೆಸೆಯುವುದು ಎಂದು ಯೋಜನೆ. ಬಂದರಿನವರ ಷರತ್ತು ಒಂದೇ. ಮೊದಲನೆಯ ಡಬ್ಬಿಯನ್ನು ಹಡಗಿನ ಸರ್ವೇಯರು ಬಂದು ನೋಡಿ, ಒಪ್ಪಿ, ಅದರ ತಗಡಿನ ಮೇಲೆ ತಮ್ಮ ಮುದ್ರೆ ಹೊಡೆಯಬೇಕು. ಹೊಡೆಯದಿದ್ದರೆ ಉಳಿದ ಐದು ಡಬ್ಬಿ ಇಲ್ಲ, ನಮ್ಮ ಶೆಡ್ಡಿಗೆ ಬೇರೆ ಕೆಲಸವೂ ಇಲ್ಲ.

ಮಾಲಕರು ಪುಸ್ತಕದಿಂದ ಇಂಗ್ಲಿಷ್ ಶಬ್ದಗಳನ್ನು ತಂದರು. ಚಾಚಾ ಅವನ್ನು ಬಾಗಿಲಲ್ಲೇ ನಿಲ್ಲಿಸಿ ಹೊಸ ಹೆಸರಿಟ್ಟರು. ತಗಡಿಗೆ ಒಳಗಿನಿಂದ ಆಸರೆ ಕೊಡುವ ಅಡ್ಡ ಪಟ್ಟಿಗಳು ‘ಪಸಲಿ’, ಅಂದರೆ ಪಕ್ಕೆಲುಬು. ನಡುವಿನ ಗೋಡೆ ‘ಪರದಾ’. ಒಂದು ತಿಂಗಳಲ್ಲಿ ಮಾಲಕರೇ ಪಸಲಿ ಎನ್ನತೊಡಗಿದರು. ನನಗೆ ಇದೆಲ್ಲ ಹೊಸ ಆಟ ಸಿಕ್ಕಂತೆ ಭಾರಿ ಖುಷಿ. ಬೆಳಿಗ್ಗೆ ಎದ್ದ ಕೂಡಲೆ ಶೆಡ್ಡಿಗೆ ಓಡುತ್ತಿದ್ದೆ.

ಮೊದಲ ಡಬ್ಬಿ ಮುಗಿಯಿತು. ಮಾಲಕರು ಬಂದರಿಗೆ ಹೋಗಿದ್ದಾಗ ಅಲ್ಲಿಂದ ಅವರ ಕಾಗದ ಬಂತು: ಸರ್ವೇಯರು ಇನ್ನು ಎಂಟು ದಿನಕ್ಕೆ ಬರುತ್ತಾರೆ, ಅಷ್ಟರಲ್ಲಿ ಎಲ್ಲಾದರೂ ಸೋರುತ್ತದೆಯೇ ಎಂದು ತಪಾಸಣೆ ಮಾಡಿ ಇಡಿ.

ಇದನ್ನು ಓದಿ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಯೋಚಿಸಬೇಕಾದದ್ದು ಇದೆ ಎಂದು ಅನ್ನಿಸಲೇ ಇಲ್ಲ. ಸೋರುತ್ತದೆಯೇ ಎಂದು ನೋಡುವುದು ಹೇಗೆ? ನೀರು ತುಂಬಿ. ಬಾಯ್ಲರ್ ಕಟ್ಟಿದವನನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅದನ್ನೇ ಹೇಳುತ್ತಾನೆ. ಪಕ್ಕದ ಕಲ್ಲಿನ ಖಣಿಯಲ್ಲಿ ಮಳೆನೀರು ನಿಂತಿತ್ತು. ಡೀಸೆಲ್ ಪಂಪು ತಂದು ಪೈಪು ಇಳಿಬಿಟ್ಟೆವು. ಡಬ್ಬಿ ಆರು ಮರದ ಸ್ಲೀಪರುಗಳ ಮೇಲೆ ಕೂತಿತ್ತು. “ಹೊಡೀರಿ,” ಎಂದೆ.

ನೀರು ಒಂದಡಿ ಏರಿತು, ಎರಡಡಿ ಏರಿತು. ನಾನು ಟಾರ್ಚು ಹಿಡಿದು ಪಕ್ಕದ, ತಳದಂಚಿನ ಬೆಸುಗೆಗಳನ್ನು ಒಂದೊಂದಾಗಿ ನೋಡುತ್ತ ಸುತ್ತಿದೆ. ಎಲ್ಲಿಯೂ ಒಂದು ಹನಿ ಇಲ್ಲ. ನಾಲ್ಕಡಿಗೆ ಬಂದಾಗ ಚಾಚಾ ಮೀಸೆ ತಿರುವಿಕೊಂಡು ಬೀಡಿ ಹಚ್ಚಿದರು. ಅದೇ ಹೊತ್ತಿಗೆ ಕೆಳಗಿನಿಂದ ‘ಟಣ್’ ಎಂದು ಒಂದು ಸದ್ದು. ಸ್ವಲ್ಪ ಬಿಟ್ಟು ಇನ್ನೊಂದು.

ಬಗ್ಗಿ ನೋಡಿದೆ. ಸ್ಲೀಪರುಗಳ ನಡುವೆ ತಳದ ತಗಡು ಜೋತುಬಿದ್ದಿತ್ತು.

ಪಂಪು ನಿಲ್ಲಿಸಿ, ತಳದ ಬಿರಡೆ ಕಿತ್ತು ನೀರೆಲ್ಲ ಹೊರಗೆ ಬಿಟ್ಟೆವು. ಬರಿದಾದ ಮೇಲೆ ದಾರ ಹಿಡಿದು ಅಳೆದರೆ ಎರಡು ಕಡೆ ತಗಡು ಒಂದೂವರೆ ಇಂಚು ಇಳಿದದ್ದು ಇಳಿದಂತೆಯೇ ಇತ್ತು. ನಾಲ್ಕು ಪಸಲಿ ಸೊಟ್ಟಗಾಗಿದ್ದವು. “ನಮ್ಮ ಹಡಗಿಗಿ ಹೊಟ್ಟಿ ಬಂತು,” ಎಂದು ಯಾರೋ ಅಂದರು.

ಆಮೇಲೆ ಕೂತು ಲೆಕ್ಕ ಹಾಕಿದರೆ ನಾಚಿಕೆಯಾಯಿತು. ನಾಲ್ಕಡಿ ನೀರೆಂದರೆ ಮೂವತ್ತು ಟನ್ನಿನ ಹತ್ತಿರ. ಬಾಯ್ಲರು ದುಂಡಗಿರುತ್ತದೆ, ಒಳಗಿನ ಒತ್ತಡವನ್ನು ಸುತ್ತಲೂ ಸಮವಾಗಿ ಹಂಚಿಕೊಳ್ಳುತ್ತದೆ. ನಮ್ಮದು ಚೌಕ, ಅದೂ ಕಾಲಿಂಚಿನ ತಗಡು. ನದಿಯೋ ಸಮುದ್ರವೋ ಅದನ್ನು ಕೆಳಗಿನಿಂದ ಎಲ್ಲ ಕಡೆಯೂ ಎತ್ತಿ ಹಿಡಿದಿರುತ್ತದೆ. ನಾವು ಅದನ್ನು ಆರು ಮರದ ತುಂಡಿನ ಮೇಲಿಟ್ಟು ಕೆರೆಯನ್ನೇ ಒಳಗೆ ಸುರಿದಿದ್ದೆವು.

ಚಾಚಾ ಸ್ಲೀಪರಿನ ಮೇಲೆ ಕುಸಿದು ಕೂತರು. “ಬೇಟಾ, ಹುಟ್ಟಿದಾಗಿಂದ ನೀರು ಒಳಗ ಹಿಡಿಯೋ ಕೆಲಸ ಮಾಡೀನಿ. ಇದರಾಗ ನೀರು ಹೊರಗ ಇರಬೇಕು ಅನ್ನೋದು ನನ್ನ ಖಯಾಲಿಗೇ ಬರಲಿಲ್ಲ ನೋಡು.”

“ನೀರು ಬಿಡ್ರಿ ಅಂದಾಂವ ನಾನು, ಚಾಚಾ.”

“ನೀ ಅಂದಿ. ನನಗ ಬಾಯಿ ಇರಲಿಲ್ಲೇನು, ಬ್ಯಾಡ ಅನ್ಲಿಕ್ಕ?”

ಇಷ್ಟರಲ್ಲಿ ಹೊರಗೆ ಗಲಾಟೆ. ನಾವು ಬಿಟ್ಟ ನೀರು ಪಕ್ಕದ ಅಂಗಳಕ್ಕೆ ನುಗ್ಗಿ, ಅಲ್ಲಿ ಹರವಿದ್ದ ಫರಸಿ ಕಲ್ಲುಗಳನ್ನೆಲ್ಲ ತೋಯಿಸಿತ್ತು. ಭಂಕೂರದಿಂದ ಬಂದು ಅಲ್ಲಿ ಕಲ್ಲು ವಿಂಗಡಿಸುತ್ತಿದ್ದ ಹೆಣ್ಣುಮಗಳು ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನಿಂತಿದ್ದಳು.

“ಯಾರ್ರೀ ನೀರು ಬಿಟ್ಟೋರು? ಮುಂಜಾನಿಂದ ಜೋಡಸೀನಿ, ಎಲ್ಲಾ ರಾಡಿ ಆತು!”

ನಾನು ಹೋಗಿ, “ತಪ್ಪಾತ್ರಿ ಅಕ್ಕಾರ,” ಎಂದು ಕಲ್ಲು ಎತ್ತಿಡಲು ಕೈ ಹಚ್ಚಿದೆ. ಬಿಸಿಲು ಚುರುಕಾಗಿತ್ತು, ಕಲ್ಲುಗಳು ನೋಡನೋಡುತ್ತ ಒಣಗುತ್ತಿದ್ದವು. ಅವಳು ಬಾಯಿತುಂಬ ಬೈಯುತ್ತಲೇ ಕಲ್ಲುಗಳ ಮೇಲೆ ಕಣ್ಣಾಡಿಸುತ್ತ ಹೋದಳು. ಒಂದು ಕಲ್ಲನ್ನು ಎಳೆದು ಬದಿಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದನ್ನು.

“ಅದ್ಯಾಕ ತಗದ್ರಿ?”

“ಒಡದದ.”

ನಾನು ಆ ಕಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದೆ. ನನಗೇನೂ ಕಾಣಲಿಲ್ಲ. ಬೆಸುಗೆಯ ಬಿರುಕು ಹುಡುಕುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ಅವಮಾನವೂ ಆಯಿತು.

“ಎಲ್ಲಿ ಒಡದದ್ರಿ?”

“ಕಣ್ಣಿಲ್ಲೇನು? ಕಲ್ಲೆಲ್ಲಾ ಒಣಗ್ಯಾದ, ಈ ಗೆರಿ ಒಣಗಿಲ್ಲ. ಒಡದಲ್ಲಿ ನೀರು ಬಚ್ಚಿಟ್ಕೊಂಡು ಕುಂದರ್ತದ. ತೋಯಿಸಿ ಬಿಟ್ಟರ ಕಲ್ಲು ತಾನೇ ಹೇಳ್ತದ.” ಕೂದಲೆಳೆಯಷ್ಟು ತೆಳ್ಳಗಿನ ಒಂದು ಕಪ್ಪು ಗೆರೆ ಅಲ್ಲಿತ್ತು. ನಾನು ಅದು ಮಾಯವಾಗುವವರೆಗೂ ಅಲ್ಲಿಯೇ ಕುಕ್ಕರಗಾಲಲ್ಲಿ ಕೂತಿದ್ದೆ. “ಕಲ್ಲು ಎತ್ತಿಡ್ತೀನಂದು ಕುಂತೇಬಿಟ್ರಲ್ರಿ,” ಎಂದು ಅವಳು ಮತ್ತೆ ಬೈದಳು.

ಎರಡು ದಿನ ಬಿಟ್ಟು ಮಾಲಕರು ಬಂದರು. ಡಬ್ಬಿಯ ಕೆಳಗೆ ತೂರಿಕೊಂಡು ನೋಡಿ, ಹೊರಬಂದು, ಕೈ ಒರೆಸಿಕೊಂಡರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. “ಇನ್ನ ಆರು ದಿನ ಅವ,” ಎಂದರು ಅಷ್ಟೆ.

ತಗಡನ್ನು ಕೆಂಪಗೆ ಕಾಯಿಸಿ, ಒದ್ದೆ ಗೋಣಿತಟ್ಟು ಒತ್ತಿ, ಅದು ತಾನಾಗಿ ಹಿಂದಕ್ಕೆ ಸೆಳೆದುಕೊಳ್ಳುವಂತೆ ಮಾಡುವ ವಿದ್ಯೆ ಚಾಚಾರ ಕೈಯಲ್ಲಿತ್ತು. ಎರಡು ದಿನದ ಕೆಲಸ. ಮೇಲೆ ಕೆಂಪು ಬಣ್ಣ, ಅದರ ಮೇಲೆ ಡಾಂಬರು ಬಳಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು, ನನ್ನ ಮನಸ್ಸಿನಲ್ಲೂ. ಆದರೆ ಬಾಗಿದ ತಗಡಿನ ಜೊತೆ ಬೆಸುಗೆಯೂ ಬಾಗಿದೆ. ಒಳಗೆ ಎಲ್ಲಿ ಬಿರಿದಿದೆಯೋ ಯಾರಿಗೆ ಗೊತ್ತು? ಮತ್ತೆ ನೀರು ತುಂಬುವಂತಿಲ್ಲ.

ನಾನು ಕಲ್ಲಿನ ವಿಷಯ ಹೇಳಿದೆ. ಕಬ್ಬಿಣಕ್ಕೆ ನೀರು ನಡೆಯುವುದಿಲ್ಲ, ಬಿಸಿಲಿಗೆ ಕಾದ ತಗಡಿನ ಮೇಲೆ ಒಂದು ಗಳಿಗೆಯೂ ನಿಲ್ಲುವುದಿಲ್ಲ. ನೀರಿಗಿಂತ ಸೂಕ್ಷ್ಮವಾಗಿ ನುಸುಳುವಂಥದ್ದು, ಬೇಗ ಆರದಂಥದ್ದು ಬೇಕು.

“ಚಿಮಣಿ ಎಣ್ಣಿ,” ಎಂದರು ಚಾಚಾ. “ಕಂದೀಲಿನ ತಳ ಎಷ್ಟು ಒರಸಿದ್ರೂ ಜಿಡ್ಡೇ ಇರ್ತದಲ್ಲ. ಎಲ್ಲಿಂದ ಬರ್ತದ ಅದು?”

“ಕರ್ರನ ತಗಡಿನ ಮ್ಯಾಲ ಎಣ್ಣಿ ಕಾಣಬೇಕಲ್ಲ?” ಮಾಲಕರು ಕೇಳಿದರು. ಕೇಳಿ ಮುಗಿಸುವ ಮೊದಲೇ ತಾವೇ ನಕ್ಕುಬಿಟ್ಟರು. ಸುತ್ತ ಸುಣ್ಣದ ಕಲ್ಲಿನ ಊರು. ಬೆಸುಗೆಯ ಹೊರಮೈಗೆ ಸುಣ್ಣ, ಒಳಮೈಗೆ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ.

ಬೀಡಿಯವರನ್ನೆಲ್ಲ ಆಚೆಗೆ ಅಟ್ಟಿ, ಗ್ಯಾಸ್ ಕಟರು ಆರಿಸಿ, ಮರುದಿನ ಬೆಳಿಗ್ಗೆ ಬಳಿದೆವು. ಚೈನ್ ಪುಲ್ಲಿ ಕಟ್ಟಿ ಡಬ್ಬಿಯನ್ನು ಮಗ್ಗುಲಾಗಿಸಿದ್ದರಿಂದ ಎರಡೂ ಮೈ ಕಣ್ಣೆದುರಿಗಿತ್ತು. ಮೊದಲ ಒಂದು ಗಂಟೆ ಏನೂ ಇಲ್ಲ. ಆಮೇಲೆ ಬಾಗಿದ ಜಾಗದಲ್ಲಿ ಸುಣ್ಣದ ಬಿಳುಪಿನ ಮೇಲೆ ಸಾಸಿವೆಯಷ್ಟು ಒಂದು ಕಲೆ ಮೂಡಿತು. ಕಡಲೆಯಷ್ಟಾಯಿತು, ಆಮೇಲೆ ನಾಣ್ಯದಷ್ಟು. ಅದರ ಪಕ್ಕ ಇನ್ನೊಂದು. ಊಟದ ಹೊತ್ತಿಗೆ ಹನ್ನೊಂದು ಕಲೆ. ನನಗೆ ಭಯವೂ ಆಗುತ್ತಿತ್ತು, ಹುಚ್ಚು ಖುಷಿಯೂ ಆಗುತ್ತಿತ್ತು, ಕಬ್ಬಿಣ ನಮ್ಮ ಜೊತೆ ಮಾತಿಗೆ ಬಿದ್ದಿತ್ತಲ್ಲ.

ಆದರೆ ಹನ್ನೆರಡನೆಯದೂ ಹದಿಮೂರನೆಯದೂ ಬಾಗಿದ ಜಾಗದಲ್ಲಿರಲಿಲ್ಲ. ನೀರು ತುಂಬಿದಾಗ ಒಂದು ಹನಿಯನ್ನೂ ಬಿಡದ, ನಾನು ಟಾರ್ಚು ಹಿಡಿದು ‘ಪಾಸ್’ ಎಂದು ಬರೆದ, ಚಾಚಾ ತಮ್ಮ ಕೈಯಾರೆ ಹಾಕಿದ ತಳದಂಚಿನ ಬೆಸುಗೆಯ ಮೇಲಿದ್ದವು. ಚಾಚಾ ಉಗುರಿನಿಂದ ಸುಣ್ಣ ಕೆರೆದು, ಬೆರಳು ಮೂಸಿ ನೋಡಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಡವಾಗಿತ್ತು.

“ತಳ ಪೂರಾ ಕತ್ತರಿಸಿ ತಗೀರಿ,” ಎಂದರು ಚಾಚಾ.

“ಐದು ದಿನ ಉಳದಾವ ಚಾಚಾ,” ಎಂದರು ಮಾಲಕರು. “ಹೊಸ ತಳ ಆಗಂಗಿಲ್ಲ. ಸರ್ವೇಯರಿಗಿ ತಳ ಇಲ್ಲದ ಹಡಗು ತೋರಸಲೇನು?”

ಮಾಲಕರು ನನ್ನ ಕಡೆ ತಿರುಗಿದರು. ತಪಾಸಣೆಯವನ ಮಾತು ಕೊನೆಯ ಮಾತು ಎಂದು ಶೆಡ್ಡು ಶುರುವಾದ ದಿನ ಅವರೇ ಮಾಡಿದ ನಿಯಮ. ನನಗೆ ಆಗ ಮನೆಯ ನೆನಪಾಯಿತು, ಖಾಯಂ ನೌಕರಿ ಬಿಟ್ಟದ್ದಕ್ಕೆ ನಮ್ಮಪ್ಪ ಮೂರು ತಿಂಗಳು ಮಾತು ಬಿಟ್ಟದ್ದೂ ನೆನಪಾಯಿತು. “ತೋರಸೂಣ್ರಿ,” ಎಂದೆ. “ಮುಚ್ಚಿ ಕಳಿಸಿದ್ರ ಸಮುದ್ರದಾಗ ನೀರೇ ಬಿಚ್ಚಿ ತೋರಸ್ತದ. ಅದರಾಗ ಮಂದಿ ಇರ್ತಾರ.”

ಅಂದೇ ಕಟರು ಹಚ್ಚಿದೆವು.

ಸರ್ವೇಯರು ಬಂದರು. ಕೆಲಸ ಪೂರ್ವ ಕರಾವಳಿಯಲ್ಲಾದರೂ ಮಂಗಳೂರು ಕಡೆಯವರು, ಬಿಳಿ ಪ್ಯಾಂಟು, ಕೈಯಲ್ಲಿ ಒಂದು ಸಣ್ಣ ಸುತ್ತಿಗೆ. ಬುಡಮೇಲಾಗಿ, ತಳವಿಲ್ಲದೆ, ಅರ್ಧ ಸುಣ್ಣ ಬಳಿದುಕೊಂಡು ಬಿದ್ದಿದ್ದ ನಮ್ಮ ಹಡಗನ್ನು ಒಂದು ಸುತ್ತು ಹಾಕಿದರು.

“ಇದೆಂಥದು ಮಾರಾಯ್ರೇ? ಮದುವೆ ಚಪ್ಪರವಾ?”

ನಾನು ಏನನ್ನೂ ಬಿಡದೆ ಹೇಳಿದೆ. ಪಂಪು, ನಾಲ್ಕಡಿ ನೀರು, ಸ್ಲೀಪರು, ‘ಟಣ್’ ಸದ್ದು. ಕತ್ತರಿಸಿ ತೆಗೆದ ತಳವನ್ನು ಕಲೆಗಳ ಸಮೇತ ಗೋಡೆಗೆ ಒರಗಿಸಿ ಇಟ್ಟಿದ್ದೆವು, ಅದನ್ನೂ ತೋರಿಸಿದೆ. ಅವರು ಆ ಕಲೆಗಳ ಮುಂದೆ ಬಹಳ ಹೊತ್ತು ನಿಂತರು.

“ಈ ಸುಣ್ಣ, ಎಣ್ಣೆಯ ಪರೀಕ್ಷೆ ನಿಮಗೆ ಯಾರು ಕಲಿಸಿದ್ದು? ಹಡಗುಕಟ್ಟೆಗಳಲ್ಲಿ ಇದನ್ನೇ ಮಾಡುವುದು.”

ನಾನು ಪಕ್ಕದ ಅಂಗಳದತ್ತ ಕೈ ತೋರಿಸಿದೆ. ಅವರಿಗೆ ತಮಾಷೆ ಎನ್ನಿಸಿರಬೇಕು, ಬೇಲಿಯ ತನಕ ಹೋಗಿ ಅವಳನ್ನೇ ಕೇಳಿದರು. ಅವಳು ಕಲ್ಲಿನಿಂದ ತಲೆ ಎತ್ತಲಿಲ್ಲ. “ನಿಮ್ಮ ಹಡಗು ನನಗ ಗೊತ್ತಿಲ್ರಿ ಸಾಹೇಬ್ರ. ನೀರು ಇತ್ತ ಬಿಡಬ್ಯಾಡ್ರಿ ಅಂತ ಹೇಳ್ರಿ ಅವರಿಗಿ.”

ತಿರುಗಿ ಬಂದು ಸರ್ವೇಯರು ಹೇಳಿದ ಮಾತು ಸಣ್ಣದು: ತಳವಿಲ್ಲದ್ದಕ್ಕೆ ಮುದ್ರೆ ಹೊಡೆಯಲು ಬರುವುದಿಲ್ಲ. ಇಪ್ಪತ್ತು ದಿನ ಬಿಟ್ಟು ಇದೇ ದಾರಿಯಲ್ಲಿ ಸೊಲ್ಲಾಪುರಕ್ಕೆ ಹೋಗುವುದಿದೆ, ಆಗ ಇಳಿಯುತ್ತೇನೆ. ತಳದ ಎಲ್ಲ ಬೆಸುಗೆಗೂ ನನ್ನ ಕಣ್ಣೆದುರು ಸುಣ್ಣ ಬಳಿಯಬೇಕು. “ಒಂದು ಕಲೆ ಬಿದ್ದರೂ ನಾನು ಹೋಗುವವನೇ. ಮತ್ತೆ ಬರುವುದಿಲ್ಲ. ಆಗಬಹುದಾ?”

ಆ ಇಪ್ಪತ್ತು ದಿನ ನಾವು ಬೆಸೆದದ್ದಕ್ಕಿಂತ ಕೆತ್ತಿ ತೆಗೆದದ್ದೇ ಹೆಚ್ಚು. ಒಂದು ಅಡಿ ಬೆಸೆಯುವುದು, ಸುಣ್ಣ, ಎಣ್ಣೆ, ಕಾಯುವುದು. ಕಲೆ ಬಂದರೆ ಅದರ ಮೇಲೆಯೇ ಬೆಸುಗೆ ಮೆತ್ತುವಂತಿಲ್ಲ, ಉಳಿಯಿಂದ ಬುಡದವರೆಗೆ ಕೆತ್ತಿ, ಎಣ್ಣೆ ಸುಟ್ಟು ಒರೆಸಿ, ಹೊಸದಾಗಿ ಹಾಕಬೇಕು. ಚಾಚಾ ಬೆಸೆಯುವ ಕೈಯ ವೇಗವನ್ನೇ ಬದಲಾಯಿಸಿಕೊಂಡರು, ಆ ವಯಸ್ಸಿನಲ್ಲಿ. ತಗಡಿನ ಅಂಚುಗಳನ್ನು ತಾವೇ ತಂತಿ ಬ್ರಷ್ಷಿನಿಂದ ಉಜ್ಜುತ್ತಿದ್ದರು, ಬೇರೆಯವರಿಗೆ ಬಿಡಲಿಲ್ಲ. ಕಲೆಗಳು ಕಡಿಮೆಯಾಗುತ್ತ ಬಂದು ಕೊನೆಯ ನಾಲ್ಕು ದಿನ ಒಂದೂ ಕಾಣಲಿಲ್ಲ.

ಸರ್ವೇಯರು ಹೇಳಿದ ದಿನವೇ ಬಂದಿಳಿದರು. ಡಬ್ಬಿಯನ್ನು ಎತ್ತರದ ಸ್ಲೀಪರುಗಳ ಮೇಲೆ ಬುಡಮೇಲು ಮಾಡಿ ಇಟ್ಟಿದ್ದೆವು. ತಳದ ಹೊರಮೈಗೆ ತಾವೇ ನಿಂತು ಸುಣ್ಣ ಬಳಿಸಿದರು, ಅದು ಒಣಗುವವರೆಗೆ ಕಾದರು. ನಾನು ಕೆಳಗೆ ತೂರಿ ಒಳಮೈಗೆ ಎಣ್ಣೆ ಬಳಿದೆ. ತಗಡಿನ ಕಾವಿಗೆ, ಎಣ್ಣೆಯ ವಾಸನೆಗೆ ಕಣ್ಣು ಉರಿಯುತ್ತಿದ್ದವು. ಹೊರಗೆ ಬಂದು ಎಲ್ಲರ ಜೊತೆ ಸುತ್ತಲೂ ಹಾಕಿದ ಹಲಗೆಗಳ ಮೇಲೆ ನಿಂತೆ. ಆಗ ಬೆಳಗಿನ ಹತ್ತು ಗಂಟೆ.

ಹನ್ನೆರಡಾಯಿತು. ಒಂದಾಯಿತು. ಮಾಲಕರು ರೊಟ್ಟಿ ತರಿಸಿದ್ದರು, ಬುತ್ತಿ ಬಿಚ್ಚಲು ಯಾರಿಗೂ ಮನಸ್ಸಿಲ್ಲ. ತಗಡಿನ ಶೆಡ್ಡು ಕಾದ ಹೆಂಚಾಗಿತ್ತು. ಎರಡೂವರೆಗೆ ಸರ್ವೇಯರು ಸುತ್ತಿಗೆಯ ತುದಿಯಿಂದ ತೋರಿಸಿದರು.

“ಇಲ್ಲಿ ಎಂಥದು?”

ನಡುಬೆಸುಗೆಯ ಮೇಲೆ, ಹೆಸರುಕಾಳಿನಷ್ಟು ಒಂದು ಕಪ್ಪು ಚುಕ್ಕೆ.

ಮಾಲಕರು ಕಣ್ಣು ಮುಚ್ಚಿಕೊಂಡರು. ಚಾಚಾ ಅದರ ಮೇಲೆಯೇ ಬಗ್ಗಿ ನಿಂತಿದ್ದರು, ಹೆಗಲ ಟವೆಲ್ಲಿನಿಂದ ಒರೆಸಲು ಕೈ ಚಾಚಿದರು. “ಮುಟ್ಟಬೇಡಿ!” ಎಂದು ಸರ್ವೇಯರು ಕೂಗಿದರು. “ಬಗ್ಗಬೇಡಿ. ಯಾರೂ ಹತ್ತಿರ ಬರಬೇಡಿ. ನೋಡುವ.”

ನೋಡಿದೆವು. ಇಪ್ಪತ್ತು ದಿನದಲ್ಲಿ ಎಷ್ಟೋ ಕಲೆ ನೋಡಿದ್ದ ನನಗೆ ಒಂದು ಗೊತ್ತಿತ್ತು. ಎಣ್ಣೆಯ ಕಲೆ ನಿಲ್ಲುವುದಿಲ್ಲ, ಹರಡುತ್ತದೆ. ಹೆಸರುಕಾಳು ಕಡಲೆಯಾಗುತ್ತದೆ. ಆ ಚುಕ್ಕೆಯ ಅಂಚಿಗೆ ನೆಟ್ಟ ಕಣ್ಣು ಕೀಳದೆ ಮನಸ್ಸಿನಲ್ಲೇ ಎಣಿಸತೊಡಗಿದೆ. ನೂರಕ್ಕೆ ಅದು ಹಾಗೇ ಇತ್ತು. ಇನ್ನೂರಕ್ಕೆ ನನ್ನ ಕಣ್ಣೇ ಮೋಸ ಮಾಡುತ್ತಿದೆ ಎನ್ನಿಸಿತು. ಮುನ್ನೂರರ ಹೊತ್ತಿಗೆ ಅನುಮಾನ ಉಳಿಯಲಿಲ್ಲ. ಚುಕ್ಕೆ ಸಣ್ಣದಾಗುತ್ತಿತ್ತು. ಹೆಸರುಕಾಳು ಸಾಸಿವೆಯಾಯಿತು, ಸಾಸಿವೆ ಮಸುಕಾಯಿತು, ಆಮೇಲೆ ಬರೀ ಸುಣ್ಣ.

ಸರ್ವೇಯರು ಚಾಚಾರ ಮುಖ ನೋಡಿದರು. ಹಣೆಯಿಂದ ಗಡ್ಡದವರೆಗೆ ಬೆವರು ಧಾರೆಯಾಗಿ ಇಳಿಯುತ್ತಿತ್ತು.

“ಈ ಹನಿ ನಿಮ್ಮದಾ?”

“ನಂದೇ ರೀ ಸಾಹೇಬ್ರ,” ಎಂದರು ಚಾಚಾ, ಕಳ್ಳತನ ಒಪ್ಪಿಕೊಂಡವರ ಹಾಗೆ.

ನಾಲ್ಕು ಗಂಟೆಗೆ ಸರ್ವೇಯರು ಚೀಲದಿಂದ ಮುದ್ರೆಯ ಉಳಿ ತೆಗೆದು, ತಗಡಿನ ಮೂಲೆಯಲ್ಲಿ ಇಟ್ಟು, ಸುತ್ತಿಗೆಯಿಂದ ಮೂರು ಏಟು ಹಾಕಿದರು. ನನಗೆ ಅಳು ಬಂತು, ಎಲ್ಲರೆದುರಿಗೇ ಅತ್ತೆ. ಮಾಲಕರು ಆ ಮುದ್ರೆಯನ್ನು ಹೆಬ್ಬೆರಳಿನಿಂದ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದರು. “ಚಾಚಾ, ಬರ್ರಿ, ನೀವೂ ನೋಡ್ರಿ,” ಎಂದು ಕರೆದರು. ಚಾಚಾ ಮಾತ್ರ ಹತ್ತು ಹೆಜ್ಜೆ ಆಚೆ ನಿಂತು, ಇನ್ನೊಂದು ಹನಿಯೂ ಬೀಳದ ಹಾಗೆ ಎರಡೂ ಕೈಯಿಂದ ಟವೆಲ್ಲನ್ನು ಮುಖಕ್ಕೆ ಒತ್ತಿ ಹಿಡಿದುಕೊಂಡಿದ್ದರು.